ಗರಗಸದ ಇನ್ನೊಂದು ಹಿಡಿ

"ನಿಮಗೆ ಪಾಪ ಅಂಟಲ್ಲ ಕಣೋ ಬೆಟ್ಟ. ಅಂಟೋದಕ್ಕೆ ಮೈಮೇಲೆ ಚೊಕ್ಕ ಜಾಗ ಅಂತ ಒಂದಾದ್ರೂ ಇರಬೇಕಲ್ಲ?"

ವೆಂಕಟಗಿರಿ ಹೀಗಂದಾಗ ಮರದ ಸುತ್ತ ನಿಂತವರೆಲ್ಲ ನಕ್ಕರು. ಸೈಟು ನೋಡಲು ಬಂದಿದ್ದ ಗಂಡಸರು ನಕ್ಕರು. ಅವರ ಹೆಂಡಿರು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ಮುನಿರಾಮಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಕೊನೆಗೆ ಬೆಟ್ಟಯ್ಯನೂ ನಕ್ಕ. ತಲೆಗೆ ಸುತ್ತಿದ್ದ ಟವಲನ್ನು ಕಂಕುಳಿಗೆ ಇಳಿಸಿಕೊಂಡು, ಉಳಿದಿದ್ದ ಹಲ್ಲು ಬಿಟ್ಟು, ಹೌದು ಬುದ್ದಿ ಅಂದ.

ಬೆಟ್ಟಯ್ಯನ ಮಗ ಜಂಬಣ್ಣ ನಗಲಿಲ್ಲ. ಅದೇನೂ ಧೈರ್ಯವಲ್ಲ. ಅವನು ಅಪ್ಪನನ್ನೂ ನೋಡುತ್ತಿರಲಿಲ್ಲ, ವೆಂಕಟಗಿರಿಯನ್ನೂ ನೋಡುತ್ತಿರಲಿಲ್ಲ. ಆಚೆ ಮಣ್ಣುರಸ್ತೆಯ ತಿರುವಿನಲ್ಲಿ ಒಂದು ಜೀಪು ನಿಂತಿತ್ತು. ಅವನ ಕಣ್ಣು ಅಲ್ಲಿತ್ತು.

ಎಮರ್ಜೆನ್ಸಿ ಬಂದ ಮೇಲಿನ ಮೊದಲ ಬೇಸಿಗೆ ಅದು. ಮಾಗಡಿ ರಸ್ತೆಯ ಆಚೀಚೆ ಗುಡಿಸಲಿನ ಗಂಡಸರು ಜೀಪಿನ ಸದ್ದು ಕೇಳಿದರೆ ತಟ್ಟೆಯಲ್ಲಿದ್ದ ಮುದ್ದೆ ಬಿಟ್ಟು ಏಳುತ್ತಿದ್ದರು. ಮಕ್ಕಳಾಗದ ಹಾಗೆ ಆಪರೇಷನ್ ಮಾಡುವುದಕ್ಕೆ ಜನ ಬೇಕಾಗಿತ್ತು. ಇಂತಿಷ್ಟು ಕೇಸು ಆಗಲೇಬೇಕು ಎಂದು ಮೇಲಿನವರು ಕೆಳಗಿನವರಿಗೆ ಹೇಳಿದರು. ಕೆಳಗಿನವರು ತಮಗಿಂತ ಕೆಳಗಿನವರಿಗೆ ಹೇಳಿದರು. ಹೀಗೆ ಇಳಿದು ಇಳಿದು ಆ ಮಾತು ಕಾಮಾಕ್ಷಿಪಾಳ್ಯದ ಹಿಂದಿನ ಗುಡಿಸಲುಗಳ ಬಾಗಿಲಿಗೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಯಾರೂ ಇರಲಿಲ್ಲ.

ಪಕ್ಕದ ಗುಡಿಸಲಿನ ದೊಡ್ಡಹನುಮಯ್ಯ ಜಂಬಣ್ಣನ ವಾರಿಗೆಯವನು. ಶ್ರಾವಣಕ್ಕೆ ಮದುವೆ ಗೊತ್ತಾಗಿತ್ತು. ಕೆಂಗೇರಿ ಕಡೆ ಕೂಲಿಗೆ ಹೋದವನನ್ನು ದಾರಿಯಲ್ಲೇ ಹತ್ತಿಸಿಕೊಂಡರು. ಮದುವೆ ಆಗಿಲ್ಲ ಸಾರ್ ಅಂದನಂತೆ. ಎಲ್ಲರೂ ಅದನ್ನೇ ಹೇಳುತ್ತಾರೆ ಅಂದರಂತೆ. ತಿರುಗಿ ಬಂದಾಗ ಕಾಲು ಅಗಲಿಸಿ ನಡೆಯುತ್ತಿದ್ದ. ಕೈಯಲ್ಲಿ ಆಪರೇಷನ್ನಿಗೆ ಬದಲಾಗಿ ಕೊಟ್ಟ ಒಂದು ಡಬ್ಬ ಎಣ್ಣೆ ಇತ್ತು. ಹೆಣ್ಣಿನ ಕಡೆಯವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಈಗ ಅವನು ಹಗಲೂ ಗೋಡೆಗೆ ಮುಖ ಹಾಕಿ ಮಲಗಿರುತ್ತಾನೆ. ಜಂಬಣ್ಣ ಒಮ್ಮೆ ಒಳಗೆ ಹೋಗಿ ಮಾತಾಡಿಸಿದ. ಅವನು ಈ ಕಡೆ ತಿರುಗಲಿಲ್ಲ. ಆವತ್ತಿನಿಂದ ಜಂಬಣ್ಣ ಆ ಗುಡಿಸಲಿನ ಮುಂದೆ ಹಾಯುವುದನ್ನೇ ಬಿಟ್ಟ. ಆ ಮೌನವೂ ಜಡ್ಡಿನ ಹಾಗೆ ಹಿಡಿದುಕೊಂಡೀತು ಎಂದು ಅವನಿಗೆ ಹೆದರಿಕೆ.

ಮೊದಲಾದರೆ ಓಡಿಹೋಗಲು ಕಾಡಿತ್ತು. ಮಲ್ಲತ್ತಹಳ್ಳಿ ಕೆರೆಯ ಏರಿಯಿಂದ ಜ್ಞಾನಭಾರತಿಯ ಬೇಲಿಯವರೆಗೂ ಕಾಡೇ. ದೊಡ್ಡ ಕಾಡೇನಲ್ಲ. ಕಾರೆ, ಕಳ್ಳಿ, ಸೀತಾಫಲ, ಜಾಲಿ. ನಡುನಡುವೆ ಗೋಣಿ, ಬಸರಿ, ಅತ್ತಿ. ಒಳಹೊಕ್ಕು ಕುಕ್ಕುರುಗಾಲಲ್ಲಿ ಕೂತರೆ ಪೊಲೀಸಿನವನು ಪಕ್ಕದಲ್ಲೇ ಹಾದುಹೋದರೂ ಕಾಣುತ್ತಿರಲಿಲ್ಲ. ಆ ಕಾಡನ್ನು ಕಡಿದವರು ಯಾರು? ಇದೇ ಗುಡಿಸಲಿನವರು. ಕಡಿಯಿರಿ ಅಂದರು, ಕಡಿದರು. ಬೇರು ಕೀಳಿರಿ ಅಂದರು, ಕಿತ್ತರು. ಅಂಗೈಯ ಬೊಬ್ಬೆ ಒಡೆದು, ಅದರ ಮೇಲೆ ಇನ್ನೊಂದು ಬೊಬ್ಬೆ ಎದ್ದು, ಅದೂ ಒಡೆಯುವವರೆಗೆ ಕಡಿದರು. ಈಗ ಕಣ್ಣು ಹಾಯುವಷ್ಟು ದೂರ ಕೆಂಪು ಮಣ್ಣು, ಸುಣ್ಣದ ಗೆರೆ, ನಂಬರು ಬರೆದ ಕಲ್ಲು. ಅದರ ಮೇಲೆ ಮನುಷ್ಯ ಓಡಿದರೆ ಬಿಳಿ ಗೋಡೆಯ ಮೇಲೆ ತಿಗಣೆ ಹರಿದ ಹಾಗೆ ಕಾಣುತ್ತದೆ.

ಉಳಿದದ್ದು ಈ ಗೋಣಿಮರ ಒಂದೇ. ಇಬ್ಬರು ಕೈ ಹಿಡಿದು ನಿಂತರೂ ತಬ್ಬಲಾಗದ ಮರ. ಅದು ಬಂದದ್ದು ವೆಂಕಟಗಿರಿಯ ಮೂಲೆ ಸೈಟಿಗೆ. ಅವನು ಯಾವುದೋ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಕಚೇರಿಯವರೆಲ್ಲ ಸೇರಿ ಕಟ್ಟಿಕೊಂಡ ಮನೆ ಸೊಸೈಟಿಗೆ ಅವನೇ ಕಾರ್ಯದರ್ಶಿ. ಬರುವ ಗುರುವಾರ ಗುದ್ದಲಿಪೂಜೆ. ಅದಾದ ಮೇಲೆ ತಿಂಗಳುಗಟ್ಟಲೆ ಒಳ್ಳೆ ಮುಹೂರ್ತವಿಲ್ಲ. ಈ ಭಾನುವಾರವೇ ಮರ ಬೀಳಲೇಬೇಕು ಎಂದು ಮೇಸ್ತ್ರಿಗೆ ಹೇಳಿದ್ದ. ಮೇಸ್ತ್ರಿ ಅಪ್ಪಮಗನನ್ನು ಕರೆತಂದಿದ್ದ.

ಎಲ್ಲ ಕೆಟ್ಟದ್ದು ಬೆಟ್ಟಯ್ಯನ ಒಂದು ತಪ್ಪಿನಿಂದ. ತಪ್ಪೂ ಎಂಥದು, ಅವನಂಥವನು ಮಾತ್ರ ಮಾಡಬಹುದಾದದ್ದು. ಅವನು ಸಾವನದುರ್ಗದ ತಪ್ಪಲಿನವನು. ಮರಕ್ಕೆ ಗರಗಸ ಇಡುವ ಮೊದಲು ಮರಕ್ಕೆ ಕೂಗು ಹಾಕಬೇಕು ಎಂಬುದು ಅವನ ಕಡೆಯ ಪದ್ಧತಿ. ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿಯುವುದು, ಒಳಗಿರುವ ಜೀವಗಳಿಗೆ ಬಂದ ಸುದ್ದಿ ಹೇಳುವುದು, ಅವು ಹೊರಡುವವರೆಗೆ ಒಂದು ಬೀಡಿ ಸೇದಿ ಕಾಯುವುದು. ಬೆಂಗಳೂರಿಗೆ ಬಂದು ಸಾವಿರ ಮರ ಕೆಡವಿದ್ದರೂ ಅವನು ಇದನ್ನು ಬಿಟ್ಟವನಲ್ಲ. ಈವತ್ತು ಬೆಳಿಗ್ಗೆಯೂ ಅಷ್ಟೂ ಜನರ ಎದುರಿಗೆ ಮರ ಬಡಿದು ಕೂಗಿದ.

"ಮನೆಯೋರು ಯಾರಿದ್ದೀರೋ ಎದ್ದೋಗ್ರಪ್ಪಾ. ಹೊಟ್ಟೆಪಾಡಿಗೆ ಬಂದಿದೀವಿ, ಸಿಟ್ಟು ಮಾಡ್ಕೋಬ್ಯಾಡಿ."

ಸೊಸೈಟಿಯವರು ಹಾವಾಡಿಗನ ಆಟಕ್ಕೆ ನಿಂತ ಹಾಗೆ ಸುತ್ತುಗಟ್ಟಿದರು. ಅಳಿಲು ಇಳಿದು ಓಡಿದವು. ಗೊರವಂಕ ಹಾರಿದವು. ಒಂದು ಹಸಿರು ಹಾವು ಇಳಿಯಿತು. ಆಮೇಲೆ ಎಲ್ಲಿಂದಲೋ ಒಂದು ಬೂದು ಬಣ್ಣದ ಹಕ್ಕಿ ಬಂತು. ಉದ್ದ ಬಾಲ. ಕುಡುಗೋಲಿನ ಹಾಗೆ ಬಾಗಿದ ಕೊಕ್ಕು, ಕೊಕ್ಕಿನ ಮೇಲೊಂದು ಗುಬುಟು. ಬಾಯಲ್ಲಿ ಹಣ್ಣಿತ್ತು. ಅದು ಹೋಗುವ ಬದಲು ಕಾಂಡಕ್ಕೇ ಬಂದು ಕಚ್ಚಿಕೊಂಡಿತು. ಅಲ್ಲೊಂದು ಪೊಟರೆ. ಪೊಟರೆಯ ಬಾಯಿ ಮಣ್ಣು ಮೆತ್ತಿ ಮುಚ್ಚಿತ್ತು, ಒಂದು ಬೆರಳು ಹೋಗುವಷ್ಟು ಸೀಳು ಬಿಟ್ಟು. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಗೆ ಬಂತು. ಹಣ್ಣು ತೆಗೆದುಕೊಂಡಿತು. ಒಳಗೆ ಹೋಯಿತು.

ಬೆಟ್ಟಯ್ಯ ಕೊಡಲಿ ಕೆಳಗಿಟ್ಟ.

ಓದಿದವರು ಅದನ್ನು ಮಂಗಟ್ಟೆ ಅನ್ನುತ್ತಾರೆ. ಬೆಟ್ಟಯ್ಯನ ಕಡೆ ಬಾಣಂತಿ ಹಕ್ಕಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲು ಮೆತ್ತಿಕೊಂಡು ಕೂರುತ್ತದೆ. ರೆಕ್ಕೆಯ ಗರಿ ಉದುರಿಸಿಕೊಳ್ಳುತ್ತದೆ. ಗಂಡು ತಂದು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮರ ಬಡಿದರೂ ಅದು ಏಳುವುದಿಲ್ಲ, ಏಳಲಾರದು. ಮಳೆ ಹಿಡಿಯುವ ಹೊತ್ತಿಗೆ ಮರಿ ಕರೆದುಕೊಂಡು ಗೋಡೆ ಒಡೆದು ಬರುತ್ತದೆ. ಅಲ್ಲಿಯವರೆಗೆ ತಡೆಯಿರಿ ಬುದ್ದಿ, ಬಾಣಂತಿ ಇರುವ ಮರ ಮುಟ್ಟಬಾರದು, ಪಾಪ. ಬೆಟ್ಟಯ್ಯ ಕೈಮುಗಿದು ಹೇಳಿದ್ದು ಇಷ್ಟು. ಅದಕ್ಕೆ ವೆಂಕಟಗಿರಿ ಕೊಟ್ಟ ಉತ್ತರವೇ ಮೊದಲು ಹೇಳಿದ ಮಾತು.

ಆದರೆ ವೆಂಕಟಗಿರಿಯ ಹೆಂಡತಿ ಅನಂತಲಕ್ಷ್ಮಿ ನಕ್ಕಿರಲಿಲ್ಲ. ಅವಳು ಬೆಟ್ಟಯ್ಯನ ಮಾತು ಪೂರ್ತಿ ಕೇಳಿಸಿಕೊಂಡಿದ್ದಳು. ಅವಳ ಮಗಳು ವತ್ಸಲಾ ಹೆರಿಗೆಗೆಂದು ತವರಿಗೆ ಬಂದಿದ್ದಳು, ದಿನ ತುಂಬಿತ್ತು. ಗಂಡನನ್ನು ಪಕ್ಕಕ್ಕೆ ಕರೆದಳು. ಆದರೂ ಎಲ್ಲರಿಗೂ ಕೇಳಿಸಿತು.

"ರೀ, ಬಾಣಂತಿ ಶಾಪ ಹೊತ್ತ ಜಾಗದಲ್ಲಿ ನನ್ನ ಮಗಳ ತೊಟ್ಟಿಲು ಕಟ್ಟಲ್ಲ ನಾನು."

ಹಾಗಾದರೆ ಸೈಟು ಬಿಟ್ಟುಬಿಡೋಣವೇ ಎಂದು ಅವನು ರೇಗಿದ. ಬಿಡುವುದು ಬೇಡ ಅಂದಳು. ಅವಳ ತಾಯಿಯ ಮನೆಯಲ್ಲಿ ಒಮ್ಮೆ ಹಿತ್ತಲಿನ ಹುತ್ತ ಅಗೆಸಬೇಕಾಗಿ ಬಂದಾಗ, ಅಗೆಯುವ ಆಳಿಗೆ ವೀಳ್ಯ ಕೊಟ್ಟು, ಕೈಗೆ ನೀರು ಬಿಟ್ಟು, ದೋಷ ನನ್ನದೇ ಎಂದು ಅವನ ಬಾಯಲ್ಲೇ ಹೇಳಿಸಿದ್ದರಂತೆ. ಮನೆಯವರಿಗೆ ಏನೂ ಆಗಲಿಲ್ಲವಂತೆ. ಆಳಿಗೆ ಏನಾಯಿತು ಎಂದು ಅವಳೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮರದಿಂದ ಆಚೆಗೆ ಜಲ್ಲಿಯ ರಾಶಿಯ ಬಳಿ ಕೂಲಿ ಹೆಂಗಸರು ನಿಂತಿದ್ದರು. ಅವರಲ್ಲೊಬ್ಬಳು ಇಂದ್ರಮ್ಮ, ಹೋದ ಚಳಿಗಾಲದಲ್ಲಿ ಅದೇ ರಾಶಿಯ ಹಿಂದೆ ಹೆತ್ತವಳು. ಹೊಕ್ಕುಳ ಬಳ್ಳಿ ಉದುರುವ ಮೊದಲೇ ಬಾಂಡಲಿ ಹೊತ್ತವಳು. ಆಗ ಇದೇ ಸೊಸೈಟಿಯವರು ಮೂಗಿಗೆ ಕರ್ಚೀಫು ಹಿಡಿದು ದಾಟಿಹೋಗಿದ್ದರು. ಅವಳು ಪಕ್ಕದವಳ ಕಡೆ ತಿರುಗದೆಯೇ ಅಂದಳು:

"ಹಕ್ಕಿಗಾದ್ರೂ ಬಾಣಂತನ ಐತಲ್ಲ, ಬುಡು."

ಮುನಿರಾಮಯ್ಯ ಅಷ್ಟರಲ್ಲಿ ಜಂಬಣ್ಣನ ಹೆಗಲ ಮೇಲೆ ಕೈಹಾಕಿ ದೂರ ಕರೆದೊಯ್ದಿದ್ದ. ಆ ಕೈ ಅಲ್ಲಿ ಇದ್ದಷ್ಟು ಹೊತ್ತೂ ಜಂಬಣ್ಣನಿಗೆ ಹೆಗಲು ತನ್ನದಲ್ಲ ಅನ್ನಿಸುತ್ತಿತ್ತು. ಮೇಸ್ತ್ರಿ ಗದರಲಿಲ್ಲ. ನಯವಾಗಿಯೇ ಮಾತಾಡಿದ. ಅದು ಇನ್ನೂ ಹೆದರಿಕೆ.

"ನೋಡು ಮಗಾ, ನನ್ನ ತಲೆ ಮೇಲೂ ಎರಡು ಕೇಸು ಕೂತವೆ. ಕೊಡ್ಲಿಲ್ಲ ಅಂದ್ರೆ ನಾಳೆಯಿಂದ ನಂಗೂ ಕೆಲಸ ಇಲ್ಲ. ನಿಮ್ಮಪ್ಪಂಗೆ ವಯಸ್ಸಾಯ್ತು, ಅವನ್ನ ಅವ್ರು ಮುಟ್ಟಲ್ಲ. ನೀನು ಹೋರಿ ಇದ್ದಂಗಿದೀಯ. ಮರ ಬಿತ್ತಾ, ನೀನು ನನ್ನ ಆಳು. ಜೀಪು ಹಂಗೇ ಹೋಗ್ತದೆ."

ಮರ ಬೀಳದಿದ್ದರೆ ಏನು ಎಂದು ಅವನು ಹೇಳಲಿಲ್ಲ. ಜೀಪಿನ ಕಡೆ ನೋಡಿ, ಕಡ್ಡಿ ಗೀರಿ ಬೀಡಿ ಹಚ್ಚಿದ. ಜೀಪಿನ ಹಿಂಬದಿ ಟಾರ್ಪಾಲು ಇಳಿಬಿಟ್ಟಿತ್ತು. ಅದರ ಕೆಳಗೆ ಯಾರದೋ ಎರಡು ಬರಿಗಾಲು ಕಾಣುತ್ತಿದ್ದವು. ಅಲುಗಾಡುತ್ತಿರಲಿಲ್ಲ. ಅವು ಯಾರ ಕಾಲು ಎಂದು ಜಂಬಣ್ಣ ನೋಡಲು ಹೋಗಲಿಲ್ಲ. ತೊಡೆಯ ಸಂದಿಯಲ್ಲಿ ಏನೋ ಹಿಡಿದು ಜಗ್ಗಿದಂತಾಗಿ, ನಿಂತಲ್ಲೇ ಉಚ್ಚೆ ಹೋಗಿಬಿಡುತ್ತೇನೋ ಅನ್ನಿಸಿತು. ಎರಡು ಕಾಲೂ ಬಿಗಿಹಿಡಿದು ನಿಂತ. ಆಗಲಿ ಎಂದು ತಲೆಯಾಡಿಸಿದ.

ವೀಳ್ಯವನ್ನು ಯಾರೂ ಕೈಗೆ ಕೊಡಲಿಲ್ಲ. ಒಂದು ನಂಬರು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದರು. ಬೆಟ್ಟಯ್ಯ ಎತ್ತಿಕೊಂಡ. ಬೊಗಸೆ ಒಡ್ಡು ಅಂದರು, ಒಡ್ಡಿದ. ಅನಂತಲಕ್ಷ್ಮಿ ಚೊಂಬನ್ನು ಎತ್ತರದಲ್ಲಿ ಹಿಡಿದು ನೀರು ಬಿಟ್ಟಳು. ನೀರು ಬೊಗಸೆಗಿಂತ ಹೆಚ್ಚಾಗಿ ಅವನ ಮೊಣಕೈಗೆ, ಪಂಚೆಗೆ ಸುರಿಯಿತು. ವೆಂಕಟಗಿರಿ ಹೇಳಿಕೊಟ್ಟ, ಬೆಟ್ಟಯ್ಯ ಹೇಳಿದ. ಮಗ್ಗಿ ಬಾರದ ಮಗು ಮೇಷ್ಟರ ಹಿಂದೆ ಒಪ್ಪಿಸಿದ ಹಾಗೆ.

"ಈ ಮರದ ದೋಷ ನನಗೆ."

"ಈ ಮರದ ದೋಸ ನನಗೆ."

"ನನ್ನ ಮಗನಿಗೆ."

ಬೆಟ್ಟಯ್ಯ ತಲೆಯೆತ್ತಿ ಮಗನನ್ನು ನೋಡಿದ. ಆಮೇಲೆ ಜೀಪನ್ನು ನೋಡಿದ.

"ನನ್ನ ಮಗನಿಗೆ."

"ಅವನಿಗೆ ಹುಟ್ಟೋ ಮಕ್ಕಳಿಗೆ."

"ಅವನಿಗೆ ಹುಟ್ಟೋ ಮಕ್ಕಳಿಗೆ."

ಆಯಿತು ಅಂದರು. ಅನಂತಲಕ್ಷ್ಮಿ ಚೊಂಬಿನಲ್ಲಿ ಉಳಿದ ನೀರಿನಿಂದ ತನ್ನ ಕೈ ತೊಳೆದುಕೊಂಡಳು. ಸೊಸೈಟಿಯವರ ಮುಖಗಳು ಸಡಿಲವಾದವು. ಯಾರೋ ಫ್ಲಾಸ್ಕು ಬಿಚ್ಚಿ ಕಾಫಿ ಬಗ್ಗಿಸಿದರು.

ದೊಡ್ಡ ಮರಕ್ಕೆ ಹಾಕುವ ಗರಗಸ ಒಬ್ಬನ ಕೆಲಸವಲ್ಲ. ಆಳುದ್ದ ಇರುತ್ತದೆ, ಎರಡು ತುದಿಗೆ ಎರಡು ಹಿಡಿ. ಈ ಕಡೆಯವನು ಎಳೆಯುವಾಗ ಆ ಕಡೆಯವನು ಬಿಟ್ಟುಕೊಡಬೇಕು, ಆ ಕಡೆಯವನು ಎಳೆಯುವಾಗ ಈ ಕಡೆಯವನು. ತಳ್ಳಬಾರದು. ತಳ್ಳಿದರೆ ಅಲಗು ಬಾಗಿ ಕಚ್ಚಿಕೊಳ್ಳುತ್ತದೆ. ಜಂಬಣ್ಣ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆವತ್ತಿನಿಂದ ಅಪ್ಪನ ಎದುರಿನ ಹಿಡಿ ಅವನದು. ಅಪ್ಪನ ಉಸಿರು ಎಲ್ಲಿ ಮುಗಿಯುತ್ತದೆ, ತನ್ನದು ಎಲ್ಲಿ ಶುರುವಾಗಬೇಕು ಎಂಬುದು ಅವನ ತೋಳಿಗೇ ಗೊತ್ತಿತ್ತು.

ಮಂಡಿಯೂರಿದರು. ಎಳೆದರು. ಗೋಣಿಮರ ಹಾಲಿನ ಮರ. ಸಿಪ್ಪೆ ಸೀಳಿದೊಡನೆ ಬೆಳ್ಳಗೆ ಸುರಿಯಿತು. ಅಲಗಿಗೆ ಮೆತ್ತಿತು, ಕೈಗೆ ಮೆತ್ತಿತು. ಬೆಟ್ಟಯ್ಯ ಆಗಾಗ ನಿಲ್ಲಿಸಿ ಸೀಮೆಎಣ್ಣೆ ಬಿಡುತ್ತಿದ್ದ. ಬಿಸಿಲು ಬೆನ್ನ ಮೇಲೆ ಕಾದ ಹಂಚು ಇಟ್ಟ ಹಾಗಿತ್ತು. ಜಂಬಣ್ಣ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಒಂದು ಕಡೆ ಹಕ್ಕಿ, ಇನ್ನೊಂದು ಕಡೆ ಜೀಪು. ಎರಡನ್ನೂ ನೋಡುವ ಶಕ್ತಿ ಅವನಿಗಿರಲಿಲ್ಲ.

ಗಂಡು ಹಕ್ಕಿ ಮತ್ತೆ ಹಣ್ಣು ತಂದಿತು. ಕಾಂಡ ನಡುಗುತ್ತಿದ್ದುದರಿಂದ ಕೂರಲಾಗಲಿಲ್ಲ. ಸುತ್ತು ಹಾಕಿತು. ಇನ್ನೊಂದು ಮರಕ್ಕೆ ಹೋಗಿ ಕೂರಲು ಇನ್ನೊಂದು ಮರವಿರಲಿಲ್ಲ. ನಂಬರು ಕಲ್ಲಿನ ಮೇಲೆ ಇಳಿಯಿತು, ಜೊತೆಗೆ ಬಂದಿದ್ದ ಸೊಸೈಟಿಯವರ ಮಕ್ಕಳು ಓಡಿಸಿದರು. ಹಣ್ಣು ಬಾಯಿಂದ ಬಿದ್ದುಹೋಯಿತು. ಅದು ಕಿರುಚುತ್ತಾ ಕೆರೆಯ ಕಡೆ ಹೋಗಿ ಮತ್ತೆ ಬಂತು. ಮತ್ತೆ ಹೋಯಿತು. ಮತ್ತೆ ಬಂತು.

ಆಮೇಲೆ ಗರಗಸದ ಹಿಡಿಯಲ್ಲಿ ಬೇರೊಂದು ನಡುಕ ಬಂತು. ಅಪ್ಪನ ಎಳೆತವಲ್ಲ, ತನ್ನದೂ ಅಲ್ಲ. ಟಕ್ ಟಕ್ ಎಂದು ಮರದ ಟೊಳ್ಳಿನೊಳಗಿಂದ ಇಳಿದು ಬರುತ್ತಿತ್ತು. ಅದು ಅಂಗೈಗೆ ತಾಗಿ, ಮೊಣಕೈಗೆ ಹತ್ತಿ, ಹಲ್ಲಿನವರೆಗೆ ಬಂತು. ಒಳಗಿದ್ದವಳು ತಾನು ಕಟ್ಟಿಕೊಂಡ ಗೋಡೆಯನ್ನು ತಾನೇ ಒಡೆಯುತ್ತಿದ್ದಳು.

"ಮ್ಯಾಕೆ ನೋಡ್ಬ್ಯಾಡ," ಬೆಟ್ಟಯ್ಯ ಪಿಸುಗುಟ್ಟಿದ. "ಎಳಿ."

ಜಂಬಣ್ಣ ನೋಡಿದ. ಹೆಂಟೆ ಉದುರಿತು. ತಲೆ ಹೊರಗೆ ಬಂತು. ಆಮೇಲೆ ಕತ್ತು. ಆಮೇಲೆ ಅರ್ಧ ಮೈ. ರೆಕ್ಕೆ ಇರಬೇಕಾದ ಕಡೆ ಪುಕ್ಕ ಕಿತ್ತ ಕೋಳಿಯ ಹಾಗೆ ಮೊಂಡು ತುಂಡುಗಳು, ತುದಿಯಲ್ಲಿ ಎಳೆಗರಿಯ ಮೊಳಕೆ. ಅವನ್ನೇ ಬಡಿದಳು. ಏನೂ ಆಗಲಿಲ್ಲ. ಅವಳ ಹಿಂದಿನಿಂದ ಮರಿಯ ಸಣ್ಣ ದನಿ ಬಂತು. ಹೊರಗೆ ಬರಲಾರದೆ ಒಳಗೂ ಹೋಗದೆ ಅವಳು ಪೊಟರೆಯ ಬಾಯಲ್ಲಿ ಸಿಕ್ಕಿಕೊಂಡು ಕೆಳಗೆ ನೋಡಿದಳು.

ಸೊಸೈಟಿಯ ಹೆಂಗಸರು ಹಿಂದಕ್ಕೆ ಸರಿದರು. ವೆಂಕಟಗಿರಿ ಕಾಫಿಯ ಲೋಟ ಹಿಡಿದೇ ಅವರಿಗೆ ಸಮಾಧಾನ ಹೇಳುತ್ತಿದ್ದ. ಹೆದರಬೇಡಿ, ಈಗ ಅದೆಲ್ಲ ಇವರದ್ದು, ನೀರು ಬಿಟ್ಟಾಗಿದೆ ಅನ್ನುತ್ತಿದ್ದ. ಮತ್ತೆ ಈ ಕಡೆ ತಿರುಗಿ ಬೇಗ ಎಳೆಯಿರಿ ಎಂದು ಗದರಿದ.

ಜಂಬಣ್ಣನ ತಲೆಯಲ್ಲಿ ಅಪ್ಪನ ಬಾಯಿಂದ ಬಂದ ಮಾತು ತಿರುಗುತ್ತಿತ್ತು. ಹುಟ್ಟೋ ಮಕ್ಕಳಿಗೆ. ಈ ಕಡೆ ನಿಂತವರು ಅವನಿಗೆ ಇನ್ನೂ ಹುಟ್ಟದ ಮಕ್ಕಳ ತಲೆಗೆ ತಮ್ಮ ಪಾಪ ಕಟ್ಟಿ ಕೈ ತೊಳೆದುಕೊಂಡಿದ್ದರು. ಆ ಕಡೆ ನಿಂತವರು ಅವನಿಗೆ ಮಕ್ಕಳೇ ಹುಟ್ಟದ ಹಾಗೆ ಮಾಡಲು ಟಾರ್ಪಾಲು ಇಳಿಬಿಟ್ಟು ಕಾಯುತ್ತಿದ್ದರು. ಹೊರುವುದಕ್ಕೆ ಅವನ ಮಕ್ಕಳು ಬೇಕು. ಬದುಕುವುದಕ್ಕೆ ಬೇಡ.

ಅಪ್ಪ ಎಳೆದ. ಈಗ ಜಂಬಣ್ಣ ಎಳೆಯಬೇಕು. ಎಳೆಯಲಿಲ್ಲ. ಕೈ ಬಿಟ್ಟ. ಮರದ ಹಾಲಿಗೆ ಬೆರಳು ಹಿಡಿಗೆ ಅಂಟಿಕೊಂಡಿದ್ದವು, ಒಂದೊಂದಾಗಿ ಬಿಡಿಸಿಕೊಂಡ.

"ನಾ ಎಳೆಯಕಿಲ್ಲ," ಅಂದ. ದನಿ ಗಟ್ಟಿಯಾಗಿರಲಿಲ್ಲ. ಅಳುವವನ ದನಿಯ ಹಾಗಿತ್ತು. ಅಪ್ಪನಿಗೆ ಮಾತ್ರ ಕೇಳಿಸಿತೋ ಏನೋ.

ಬೆಟ್ಟಯ್ಯ ಮಗನ ಮುಖ ನೋಡಿದ. ಬೈಯಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಹೋಗಬೇಡ ಮಗ, ಜೀಪೈತೆ ಎಂದು ತುಟಿ ಅಲುಗಿದವು. ಜಂಬಣ್ಣ ಎದ್ದು ನಿಂತ. ಮಂಡಿಯ ಮಣ್ಣನ್ನೂ ಕೊಡವಲಿಲ್ಲ.

ಮುನಿರಾಮಯ್ಯ ಕೂಗಿದ. ಈಗ ನಯ ಇರಲಿಲ್ಲ. ತಾಯಿ ಹೆಸರೆತ್ತಿ ಬೈದ. ಜಂಬಣ್ಣ ನಡೆಯುತ್ತಲೇ ಇದ್ದದ್ದು ಕಂಡು, ಜಲ್ಲಿ ರಾಶಿಯ ಬಳಿಯ ಗಂಡಾಳುಗಳ ಕಡೆ ತಿರುಗಿ, ಬಂದು ಹಿಡಿಯಿರೋ ಅಂದ. ಯಾರೂ ಅಲುಗಲಿಲ್ಲ. ನೀರು ಬಿಟ್ಟದ್ದನ್ನು ಎಲ್ಲರೂ ನೋಡಿದ್ದರು. ಆ ಹಿಡಿಗೆ ಕೈ ಹಾಕಿದವನ ಮನೆಗೆ ಏನು ಬರುತ್ತದೆ ಎಂದು ಎಲ್ಲರೂ ಕಿವಿಯಾರೆ ಕೇಳಿದ್ದರು. ಒಬ್ಬ ಸುಮ್ಮನೆ ಬಾಂಡಲಿ ಮಗುಚಿ ಅದರ ಮೇಲೆ ಕೂತ. ಮೇಸ್ತ್ರಿ ತಾನೇ ಬಗ್ಗಿದ. ಹಾಲು ಮೆತ್ತಿದ ಹಿಡಿಯವರೆಗೆ ಕೈ ಹೋಯಿತು, ಅಲ್ಲೇ ನಿಂತಿತು, ಹಿಂದಕ್ಕೆ ಬಂತು. ಅವನು ವೆಂಕಟಗಿರಿಯನ್ನು ನೋಡಿದ. ವೆಂಕಟಗಿರಿ ಲೋಟ ನೋಡಿಕೊಂಡ. ಮರದ ಅರ್ಧದಲ್ಲಿ ಗರಗಸ ಕಚ್ಚಿಕೊಂಡು ನಿಂತಿತ್ತು. ಆ ತುದಿಯಲ್ಲಿ ಬೆಟ್ಟಯ್ಯ ಒಬ್ಬನೇ ಮಂಡಿಯೂರಿ, ಎದುರಿಗೆ ಎಳೆಯಲು ಯಾರೂ ಇಲ್ಲದ ತನ್ನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಲೇಔಟಿನಿಂದ ಹೊರಗೆ ಹೋಗಲು ಇದ್ದದ್ದು ಆ ಮಣ್ಣುರಸ್ತೆ ಒಂದೇ. ಅಡ್ಡ ಹಾಯೋಣವೆಂದರೆ ಒಂದು ಪೊದೆಯಿಲ್ಲ, ಒಂದು ಬೇಲಿಯಿಲ್ಲ. ಜಂಬಣ್ಣ ಓಡಬಾರದು ಎಂದುಕೊಂಡ. ಓಡಿದರೆ ಹಿಡಿಯುತ್ತಾರೆ. ನಿಂತರೂ ಹಿಡಿಯುತ್ತಾರೆ. ಸುಣ್ಣದ ಗೆರೆಗಳನ್ನು ತುಳಿಯುತ್ತಾ ಹೋದ. ಹಿಂದೆ ಮರದ ಕಡೆಯಿಂದ ಮೇಸ್ತ್ರಿ ಜೀಪಿನವರಿಗೆ ಏನೋ ಕೂಗಿ ಹೇಳಿದ. ಗಾಳಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಬೇಕಾದವರಿಗೆ ಕೇಳಿಸಿತು.

ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ ಖಾಕಿ ನಿಕ್ಕರಿನವನು ನೆಟ್ಟಗಾದ. ಮುಂದಿನ ಸೀಟಿನಲ್ಲಿ ಕೂತಿದ್ದ ಕನ್ನಡಕದವನು ಕತ್ತು ಹೊರಗೆ ಹಾಕಿದ. ಟಾರ್ಪಾಲಿನ ಕೆಳಗಿನ ಬರಿಗಾಲು ಹಾಗೇ ಇದ್ದವು. ಜಂಬಣ್ಣ ಅವುಗಳ ಪಕ್ಕದಲ್ಲೇ ಹಾಯಬೇಕಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಾದ.

"ಏಯ್, ನಿಂತ್ಕೊಳೋ ಅಲ್ಲಿ," ಕನ್ನಡಕದವನು ಅಂದ. "ಮದುವೆ ಆಗಿದೆಯಾ? ಮಕ್ಕಳೆಷ್ಟು?"

ಜಂಬಣ್ಣ ನಿಲ್ಲಲಿಲ್ಲ. ಹಿಂದೆ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ. ನಡೆಯುತ್ತಲೇ ಹೋದ.